ಏಳುನೂರ ಮೂವತ್ತು ದಿನಗಳ ಫೋರ್‌ಮನ್

ಅವರ ಬಲಹುಬ್ಬಿನ ಮೇಲೆ ಸದಾ ಒಂದು ಗೆರೆ ಗ್ರೀಸ್ ಇರುತ್ತಿತ್ತು. ಜಾರುವ ಕನ್ನಡಕವನ್ನು ಕೆಲಸದ ಕೈಯಿಂದಲೇ ಮೇಲೆ ತಳ್ಳುವ ಅಭ್ಯಾಸ. ಒಮಾನಿನ ರುಸ್ತಾಕ್ ಊರಿನ ಲಾರಿ ಗ್ಯಾರೇಜಿನಲ್ಲಿ ಅವರು ಫೋರ್‌ಮನ್. ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದ ಸೂಪರ್‌ವೈಸರ್; ಕೆಲಸ ಕಲಿತದ್ದು ಅವರ ಹತ್ತಿರವೇ.

ಉಡುಪಿ ಕಡೆಯವರು. ಹೆಂಡತಿ, ಮಗಳು ಕೆನಡಾದಲ್ಲಿ. ಅಲ್ಲಿ ಕಾಯಂ ಆಗಿ ನೆಲೆಸುವ ಪಿ.ಆರ್. ಅವರಿಗೂ ಇತ್ತು, ಸಂಬಳ ಮಾತ್ರ ಇಲ್ಲಿಯದು. ಐದು ವರ್ಷದಲ್ಲಿ ಏಳುನೂರ ಮೂವತ್ತು ದಿನ ಅಲ್ಲಿರದಿದ್ದರೆ ಪಿ.ಆರ್. ಹೋಗುತ್ತದೆ. ಆರು ತಿಂಗಳು ಮೀರಿ ಅಲ್ಲೇ ಉಳಿದರೆ ಒಮಾನಿನ ವೀಸಾ ಹೋಗುತ್ತದೆ. ಟೈರಿಗೆ ಗುರುತು ಹಾಕುವ ಹಳದಿ ಬಳಪದಿಂದ ಅವರು ತಮ್ಮ ಕಪಾಟಿನ ಬಾಗಿಲ ಒಳಗೆ ದಿನಗಳ ಗೀಟು ಎಳೆಯುತ್ತಿದ್ದರು.

"ಎರಡು ಕಡೆಯೂ ನಾನು ನೆಂಟ ಮಾರಾಯ," ಎನ್ನುತ್ತಿದ್ದರು. "ಚಾ ಕೊಡ್ತಾರೆ, ಕೂತ್ಕೊಳ್ಳಿ ಅಂತ ಹೇಳುದಿಲ್ಲ."

ಹಳೆಯ ಲಾರಿಗಳ ಚಕ್ರದಲ್ಲಿ ಟೈರನ್ನು ಹಿಡಿದಿಡಲು ಬಿಡಿಯಾದ ಉಕ್ಕಿನ ರಿಂಗ್ ಇರುತ್ತದೆ. ಸರಿಯಾಗಿ ಕೂರದಿದ್ದರೆ ಗಾಳಿಯ ಒತ್ತಡಕ್ಕೆ ಅದು ಹಾರುತ್ತದೆ. ಅದಕ್ಕೇ ಚಕ್ರಕ್ಕೆ ಸರಪಳಿ ಬಿಗಿಯದೆ ಅವರು ಯಾರಿಗೂ ಗಾಳಿ ತುಂಬಲು ಬಿಡುತ್ತಿರಲಿಲ್ಲ.

ಅಂದು ಮಧ್ಯಾಹ್ನ ಅವರಿಗೆ ವಿಮಾನ. ಆ ವಾರ ಹೊರಟರಷ್ಟೇ ದಿನಗಳು ಕೂಡುತ್ತಿದ್ದವು. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ನಮಗೆಲ್ಲ ಹೇಳಿ ಹೋಗಲು ಬಂದರು. ನಾನು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಗಾಳಿ ತುಂಬುತ್ತಿದ್ದೆ. ತಲೆಯ ಮೇಲೆಯೇ ನಿಂತು ಲಾರಿ ಚಾಲಕ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ಕೂಗುತ್ತಿದ್ದ. ಸರಪಳಿ ಹಾಕಿರಲಿಲ್ಲ.

"ಚೈನ್ ಎಲ್ಲುಂಟು?"

"ಎರಡ ನಿಮಿಷ ರೀ ಸರ್, ಮುಗೀತು..."

"ಏಳಾ ಅಲ್ಲಿಂದ!"

ನನ್ನ ಭುಜಕ್ಕೆ ಬೂಟಿನ ಒದೆ ಬಿತ್ತು. ಪಕ್ಕಕ್ಕೆ ಉರುಳಿದೆ. ಆಮೇಲೆ ಸದ್ದು. ಕಿವಿಯಲ್ಲಿ ಶಿಳ್ಳೆ ಬಿಟ್ಟು ಬೇರೇನೂ ಉಳಿಯಲಿಲ್ಲ. ರಿಂಗ್ ಅವರ ತೊಡೆಯನ್ನು ಸೀಳಿ, ತಗಡಿನ ಮಾಡು ಹರಿದುಕೊಂಡು ಹೋಗಿತ್ತು. ಸಿಮೆಂಟಿನ ಮೇಲೆ ರಕ್ತ ಉಕ್ಕುತ್ತಿತ್ತು. ಅದರ ನಡುವೆ ಬೆಳ್ಳಗೆ ಮೂಳೆ ಕಂಡಿತು. ಅವರ ಅಂಗಿಯನ್ನೇ ಹರಿದು ಕಟ್ಟಿದೆ. ಕೈ ಜಾರುತ್ತಿತ್ತು. ಇವತ್ತಿಗೂ ಗಾಳಿ ಯಂತ್ರ ಶುರುವಾದರೆ ಆ ರಿಂಗ್ ಮತ್ತೆ ಏಳುತ್ತದೆ. ಪ್ರತಿ ಸಲವೂ ಅದರ ದಾರಿಯಲ್ಲಿ ನನ್ನ ಮುಖ ಇರುತ್ತದೆ.

ಕಾಲು ಉಳಿಯಲಿಲ್ಲ. ಆಸ್ಪತ್ರೆಯಲ್ಲೇ ನಾಲ್ಕು ತಿಂಗಳು ಕಳೆದವು. ಮ್ಯಾನೇಜರ್ ವಿಚಾರಿಸಲು ಬಂದಾಗ ಅವರು, "ಚೈನ್ ಹಾಕಲಿಕ್ಕೆ ನಾನೇ ಮರೆತೆ," ಎಂದರು. ನಾನು ಅಲ್ಲೇ ನಿಂತಿದ್ದೆ. ಮ್ಯಾನೇಜರ್ ಅದನ್ನೇ ಬರೆದುಕೊಂಡರು.

ಕಡಿಮೆ ಬಿದ್ದ ದಿನಗಳನ್ನು ಮನ್ನಿಸುವಂತೆ ಕೆನಡಾಕ್ಕೆ ಪತ್ರ ಬರೆಯಬೇಕಾಯಿತು. ಇಂಗ್ಲಿಷ್ ಕಲಿತವನು ನಾನು. ತಪ್ಪು ನನ್ನದು, ಅವರು ನನ್ನನ್ನು ಉಳಿಸಿದರು ಎಂದೇ ಬರೆದು ಓದಿ ಹೇಳಿದೆ.

"ಅದನ್ನು ಹೊಡೆದು ಹಾಕು," ಎಂದರು. "ಕಂಪನಿಗೆ ಒಂದು ಹೇಳಿ ಅಲ್ಲಿಗೆ ಒಂದು ಬರೆದ್ರೆ ಆಗ್ತದಾ? ನಾಳೆ ನಿನ್ನ ವೀಸಾ ಖಲಾಸ್. ನಂದು ಹೇಗೂ ಹೋಯ್ತು. ನಿಂದಾದ್ರೂ ಇರ್ಲಿ."

ಹೊಡೆದು ಹಾಕಿ, ಚೈನ್ ಹಾಕಲು ಅವರೇ ಮರೆತರೆಂದು ಬರೆದೆ. ಕೆನಡಾದಿಂದ ಬಂದ ಉತ್ತರವನ್ನೂ ನಾನೇ ಓದಿ ಹೇಳಿದೆ: ಸ್ವಂತ ಅಜಾಗರೂಕತೆಯಿಂದಾದ ಗಾಯ ಸಾಕಷ್ಟು ಕಾರಣವಲ್ಲ, ಪಿ.ಆರ್. ರದ್ದು.

ಅವರನ್ನು ಗಾಲಿಕುರ್ಚಿಯಲ್ಲಿ ಮಂಗಳೂರಿನ ವಿಮಾನಕ್ಕೆ ಹತ್ತಿಸಿ ಬಂದೆ. ಮರುವಾರ ನನ್ನ ವೀಸಾ ನವೀಕರಣವಾಯಿತು. ಅವರ ಜಾಗದಲ್ಲಿ ಈಗ ನಾನು ಫೋರ್‌ಮನ್.