ಸಾಗುವಾನಿ ಎಲೆಯ ಗೂಡು

ಎಂಬತ್ತರ ದಶಕದ ಆರಂಭದ ಒಂದು ಜೂನ್ ತಿಂಗಳು. ಅಕ್ಕ ಹೆರಿಗೆಗೆಂದು ಕಂಕನಾಡಿಯ ನಮ್ಮ ಮನೆಗೆ ಬಂದಿದ್ದಳು. ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಆದರೂ ಅಮ್ಮ ಬಾಣಂತನದಲ್ಲಿ ಒಂದನ್ನೂ ಬಿಡಲಿಲ್ಲ. ಎಣ್ಣೆ, ಬಿಸಿನೀರು, ಕಷಾಯ ಎಲ್ಲವೂ ನಡೆಯಿತು. ಅಕ್ಕ ಹೇಳಿದ್ದಕ್ಕೆಲ್ಲ ಮೈಯೊಡ್ಡುತ್ತಿದ್ದಳು, ಮಾತು ಮಾತ್ರ ಇರಲಿಲ್ಲ.

ಹನ್ನೊಂದನೆಯ ದಿನ ತಾನಾಗಿಯೇ ಕೇಳಿದಳು: "ಅದು ಎಂತ ಹಕ್ಕಿ? ಬೆಳಿಗ್ಗೆಯಿಂದ ಒಂದೇ ಸಮ ಕೂಗ್ತಾ ಉಂಟು."

ನಾನಾಗ ಕಾಲೇಜಿನಲ್ಲಿದ್ದೆ. ಹಕ್ಕಿಗಳ ವಿಷಯ ಏನೂ ಗೊತ್ತಿರಲಿಲ್ಲ. ಅಕ್ಕ ಬಾಯಿಬಿಟ್ಟಳಲ್ಲ ಎಂದು ಹಿತ್ತಿಲಿಗೆ ಓಡಿದೆ. ಅಷ್ಟು ದೊಡ್ಡ ಸ್ವರದ ಹಕ್ಕಿ ಹೆಬ್ಬೆರಳಿಗಿಂತ ತುಸು ದೊಡ್ಡದು, ಅಷ್ಟೆ. ಸೂರಕ್ಕಿ ಇರಬೇಕು ಎಂದುಕೊಂಡೆ. ಆದರೆ ಕೊಕ್ಕು ಬಾಗಿರಲಿಲ್ಲ. ಬೆನ್ನು ಹಸಿರು, ಹೊಟ್ಟೆ ಮಾಸಲು ಬಿಳಿ, ನೆತ್ತಿ ಇಟ್ಟಿಗೆ ಬಣ್ಣ. ಬಾಲ ನೆಟ್ಟಗೆ ಮೇಲಕ್ಕೆ. ಕೂಗುವಾಗ ಕತ್ತಿನ ಪಕ್ಕದಲ್ಲಿ ಒಂದು ಕಪ್ಪು ಗೆರೆ ಕಂಡು ಮಾಯವಾಗುತ್ತಿತ್ತು. ನೋಡಿದ್ದನ್ನೆಲ್ಲ ಬಂದು ಅಕ್ಕನಿಗೆ ಹೇಳಿದೆ.

"ನೀನು ಎಂತ ಸಿಐಡಿಯಾ ಮಾರಾಯ್ತಿ?" ಎಂದಳು.

ಕಾಲೇಜಿನ ಲೈಬ್ರರಿಯ ಪುಸ್ತಕವೊಂದರಲ್ಲಿ ಚಿತ್ರ ಸಿಕ್ಕಿತು. ಸಿಂಪಿಗ. ಎಲೆ ಹೊಲಿದು ಗೂಡು ಮಾಡುವ ಹಕ್ಕಿ. ಗೂಡು ನಮ್ಮ ಬಾವಿಯಾಚೆಯ ಎಳೆಯ ಸಾಗುವಾನಿ ಗಿಡದಲ್ಲೇ ಇತ್ತು. ಅಗಲ ಎಲೆಯೊಂದರ ಎರಡು ಅಂಚುಗಳನ್ನು ಜೇಡರ ಬಲೆಯ ನೂಲಿನಿಂದ ಸೇರಿಸಿ ಒಳಗೆ ಹತ್ತಿ ಹಾಸಿತ್ತು. ನಾನು ನೋಡಿದ ಮೊದಲ ದಿನ ಒಂದು ಮೊಟ್ಟೆ, ಮೂರನೆಯ ದಿನಕ್ಕೆ ಮೂರು.

"ಮರಿ ಆಗ್ಲಿಕ್ಕೆ ಎಷ್ಟು ದಿನ?"

"ಹನ್ನೆರಡು ದಿನ ಅಂತೆ."

ಅಕ್ಕ ದಿನ ಎಣಿಸತೊಡಗಿದಳು. ಗಂಜಿ ಕೇಳಿ ಉಣ್ಣತೊಡಗಿದಳು.

ಆ ಭಾನುವಾರ ಬೈಕಂಪಾಡಿಯಿಂದ ಭಾವ ಬರುವವರಿದ್ದರು. ಅಮ್ಮ ಎಲೆಯಲ್ಲಿ ಮಡಿಚಿ ಬೇಯಿಸುವ ಹಲಸಿನ ಹಣ್ಣಿನ ಗಟ್ಟಿಗೆ ಅಕ್ಕಿ ಅರೆದಿದ್ದಳು. "ಹತ್ತು ಸಾಗುವಾನಿ ಎಲೆ ತಾ. ಬಾಳೆ ಎಲೆಯಲ್ಲಿ ಬೇಯಿಸಿದ್ರೆ ಆ ಪರಿಮಳ ಬರುವುದಿಲ್ಲ" ಎಂದಳು. ನಾನೇ ಕತ್ತಿ ಹಿಡಿದು ಹೋದೆ. ಬೇರೆಯವರು ಹೋದರೆ ಗೂಡು ಹಾಳಾದೀತೆಂಬ ಭಯ. ಗೂಡಿನ ಎಲೆಯನ್ನು ಮುಟ್ಟಲಿಲ್ಲ. ಅದರ ಮೇಲಿನ, ಪಕ್ಕದ ಎಲೆಗಳನ್ನು ಒಂದೊಂದಾಗಿ, ಗಿಡ ಅಲುಗದ ಹಾಗೆ ಕೊಯ್ದೆ. ಹತ್ತು ಆದವು. ಗೂಡನ್ನು ಮರೆಮಾಡಿದ್ದು ಅವೇ ಎಲೆಗಳು ಎಂದು ಹೊಳೆಯಲೇ ಇಲ್ಲ.

ಊಟವಾಗಿ ಕೈ ತೊಳೆಯಲು ಬಾವಿಕಟ್ಟೆಗೆ ಹೋದಾಗ ಕೆಂಬೂತವೊಂದು ಆ ಗಿಡದಿಂದ ಇಳಿದು ಪೊದೆಯೊಳಗೆ ನಡೆದುಹೋಯಿತು. ಗೂಡಿನ ಎಲೆ ಹರಿದು ಜೋತಿತ್ತು, ಮೊಟ್ಟೆ ಒಂದೂ ಇರಲಿಲ್ಲ. ಒಳಗಿನ ಹತ್ತಿ ಕೆಳಗೆ ಕೆಸರಿನಲ್ಲಿತ್ತು.

ಭಾವ ಹೊರಟ ಮೇಲೆ ಅಕ್ಕ ಕೇಳಿದಳು: "ಹಕ್ಕಿ ಯಾಕೆ ಕೂಗುವುದಿಲ್ಲ?"

"ಮರಿಯಾಗಿ ಹಾರಿಹೋದವು ಅಕ್ಕ."

ಅವಳು ನನ್ನ ಮುಖವನ್ನೇ ನೋಡಿದಳು. "ಇವತ್ತಿಗೆ ಏಳು ದಿನ ಅಷ್ಟೆ" ಎಂದಳು. ಬೈಯಲಿಲ್ಲ. ಇಷ್ಟೇ ಕೇಳಿದಳು: "ತಾಯಿ ಎಲ್ಲುಂಟು?"

ಗೊತ್ತಿಲ್ಲ ಎಂದೆ. ಅದು ನಿಜ. ಅಷ್ಟು ದಿನ ಅದರ ಬಾಲದ ಅಲುಗಾಟವನ್ನೂ ಬಿಡದೆ ನೋಡಿದ್ದ ನಾನು, ಅಂದು ಬಾವಿಕಟ್ಟೆಯಿಂದ ನೇರ ಒಳಗೆ ಬಂದಿದ್ದೆ.