ಹುಗ್ಗಿಯ ಮೇಲೆ ಬಂದ ಆಪಾದನೆ

ದುರುಗೇಶನನ್ನು ಮೊದಲ ಸಲ ಕಂಡಾಗ ಫಿನಾಯಿಲ್ ಮಾರುವವನೆಂದು ತಿಳಿದು, ಗೇಟಿನಿಂದಲೇ ಸಾಗಹಾಕಿದ ರಾಣೆಬೆನ್ನೂರಿನ ಮರ್ಯಾದಸ್ಥರಲ್ಲಿ ಇದನ್ನು ಬರೆಯುತ್ತಿರುವವನೂ ಒಬ್ಬ. ಹೆಗಲಿಗೆ ಚೀಲ, ಚೀಲದಲ್ಲಿ ಗಿಡ್ಡ ಬಾಟಲಿಗಳು, ಬಾಗಿಲು ತೆರೆದ ಕೂಡಲೇ ಮನೆಯವರ ಮುಖ ಬಿಟ್ಟು ನೀರಿನ ತೊಟ್ಟಿಯನ್ನು ನೋಡುವ ಚಾಳಿ. ಅಷ್ಟು ಸಾಕಾಯಿತು. ರೋಗ ಎಲ್ಲಿ ಹುಟ್ಟುತ್ತದೆಂದು ಹುಡುಕುವುದೇ ಅವನ ಸರ್ಕಾರಿ ನೌಕರಿ ಎಂದು ಗೊತ್ತಾದದ್ದು ಆಮೇಲೆ. ಹುದ್ದೆಯ ಹೆಸರು ಆರೋಗ್ಯ ನಿರೀಕ್ಷಣಾಧಿಕಾರಿ. ಮೊದಲು ಬರೀ ಸಹಾಯಕ ಎನ್ನುತ್ತಿದ್ದರು. ಸಂಬಳ ಬೆಳೆಸುವುದು ಕಷ್ಟವೆನಿಸಿದಾಗ ಮೇಲಿನವರು ಹೆಸರನ್ನು ಬೆಳೆಸುತ್ತಾರೆ.

ಕರ್ಜಗಿಯ ಈ ಮನುಷ್ಯ ಇಪ್ಪತ್ತೊಂಬತ್ತು ವರ್ಷ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂದು ಮೂರು ತಾಲ್ಲೂಕುಗಳ ಧೂಳು ಕುಡಿದಿದ್ದಾನೆ. ಬ್ಯಾಡಗಿಯಲ್ಲಿದ್ದಾಗ ಮೆಣಸಿನಕಾಯಿ ಘಾಟಿಗೆ ಕೆಮ್ಮುವವರು ಯಾರು, ಕ್ಷಯಕ್ಕೆ ಕೆಮ್ಮುವವರು ಯಾರು ಎಂದು ಬೀದಿಯಲ್ಲಿ ನಿಂತೇ ಹೇಳುತ್ತಿದ್ದನಂತೆ. ಕೊರೊನಾ ಬಂದ ವರ್ಷ ಮನೆಮನೆಯ ಬಾಗಿಲಿಗೆ ಚೀಟಿ ಅಂಟಿಸಿದ. ಓಣಿಯವರು ಅವನಿಗೆ ಚಪ್ಪಾಳೆ ತಟ್ಟಿದರು. ಮರುವಾರ ಅದೇ ಓಣಿಯ ಮಾಲೀಕ ಅವನ ಬಾಡಿಗೆ ಮನೆ ಖಾಲಿ ಮಾಡಿಸಿದ.

ಹೋದ ವರ್ಷದ ಮುಂಗಾರಿನಲ್ಲಿ, ಹೊಳೆ ದಂಡೆಯ ಒಂದು ಊರಿನಲ್ಲಿ ಮೂರೇ ದಿನಕ್ಕೆ ಒಂದೇ ಓಣಿಯ ಆರು ಜನಕ್ಕೆ ವಾಂತಿಭೇದಿ ಹಿಡಿಯಿತು. ಊರಿನ ಹೆಸರು ಬೇಡ, ಪಾಪ, ಪ್ರಶಸ್ತಿ ಪಡೆದ ಊರು. ದುರುಗೇಶ ನಲ್ಲಿಯ ನೀರನ್ನು ಬಾಟಲಿಗೆ ಹಿಡಿದ. ಅದರಲ್ಲೊಂದು ಮದ್ದಿರುತ್ತದೆ, ನೀರಿಗೆ ಹೊಲಸು ಕೂಡಿದ್ದರೆ ಕಪ್ಪಾಗುತ್ತದೆ. ಬೆಳಗಾಗುವಷ್ಟರಲ್ಲಿ ಬಾಟಲಿ ಕಾಡಿಗೆಯ ಡಬ್ಬಿಯಂತಾಗಿತ್ತು. ಓಣಿಯ ತುದಿಯಲ್ಲಿ ಕುಡಿಯುವ ನೀರಿನ ಪೈಪು ಗಟಾರದೊಳಗೇ ಹಾಯ್ದು, ಅಲ್ಲೇ ಒಡೆದಿತ್ತು. ನೀರು ಬಿಡುವ ಕೊಟ್ರಪ್ಪನಿಂದ ವಾಲ್ವ್ ಬಂದ್ ಮಾಡಿಸಿ, ಟ್ಯಾಂಕರ್ ತರಿಸಿ, ಮೇಲಕ್ಕೆ ವರದಿ ಕಳಿಸಿದ: ರೋಗ ನೀರಿನಿಂದ ಬಂದಿದೆ, ಪೈಪು ಬದಲಿಸಬೇಕು.

ಆ ಊರಿಗೆ ಮುಂದಿನ ಸೋಮವಾರ ಶುದ್ಧ ನೀರಿನ ಪ್ರಶಸ್ತಿ ಎಂದು ಮೊದಲೇ ನಿಶ್ಚಯವಾಗಿತ್ತು. ಬ್ಯಾನರು ಅಚ್ಚಾಗಿ ಬಂದಿತ್ತು, ಶಾಲೆಯ ಮಕ್ಕಳು ಸ್ವಾಗತಗೀತೆ ಕಲಿತಾಗಿತ್ತು. ರಾಣೆಬೆನ್ನೂರಿನ ಕಚೇರಿಯಿಂದ ಸಾಹೇಬರ ಫೋನು ಬಂತು. ವಯಸ್ಸಿನಲ್ಲಿ ಅವರು ದುರುಗೇಶನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಉಳಿದೆಲ್ಲದರಲ್ಲಿ ದೊಡ್ಡವರು. ವಾರದಲ್ಲಿ ಒಂದಾದರೂ ಸಮಾರಂಭದ ಊಟ ಆಗದ ಊರಿಲ್ಲ, ಸರಿಯಾಗಿ ವಿಚಾರಿಸಿ ಎಂದರು. ವಿಚಾರಿಸುವುದೇನು ಬಂತು? ಅದೇ ಓಣಿಯ ಚೇತನಕುಮಾರನ ಮನೆಯಲ್ಲಿ ಮಗಳನ್ನು ತೊಟ್ಟಿಲಿಗೆ ಹಾಕಿದ್ದರು, ಗೋಧಿ ಹುಗ್ಗಿ ಮಾಡಿದ್ದರು. ರೋಗಿಗಳಲ್ಲಿ ಇಬ್ಬರು ಅಲ್ಲಿ ಉಂಡಿದ್ದರು. ಕಾಗದದಲ್ಲಿ ಆರೂ ಜನ ಉಂಡರು. ಆರರಲ್ಲಿ ಒಂದು ಎಂಟು ತಿಂಗಳ ಕೂಸು, ಹಲ್ಲಿಲ್ಲದ ಅದೂ ಹುಗ್ಗಿ ಹೊಡೆದಿತ್ತೆಂದು ದಾಖಲಾಯಿತು.

ದುರುಗೇಶ ಸಹಿ ಮಾಡಿದ. ನಿವೃತ್ತಿಗೆ ಎರಡು ವರ್ಷವಿತ್ತು. ಕಾಗದದಲ್ಲಿ ಏನಿದ್ದರೇನು, ವಾಲ್ವ್ ಬಂದ್ ಇದ್ದರೆ ಸಾಕು, ಜನ ಉಳಿಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಬುದ್ಧಿವಂತಿಕೆಯೆಂದೇ ಅನಿಸಿತು.

ಮರುದಿನ ಚೇತನಕುಮಾರ ದಾರಿಗೆ ಅಡ್ಡ ನಿಂತ. ಊರಲ್ಲಿ ತನ್ನ ಹೆಂಡತಿ ಮೇಘಾಳಿಗೆ, ಮುಂದಿನ ಕೂಸಿಗೆ ಬರೀ ಉಪ್ಪಿಟ್ಟು ಮಾಡವ್ವ ಎಂದು ಹಂಗಿಸುತ್ತಿದ್ದಾರೆ ಎಂದ. ಆಮೇಲೆ ದನಿ ಇಳಿಸಿ ಕೇಳಿದ:

"ತೊಟ್ಟಿಲದ ದಿನ ನೀವೂ ಎರಡ ಸಲ ಹಾಕಿಸ್ಕೊಂಡ್ರಲ್ರಿ ಸರ, ತುಪ್ಪ ಬ್ಯಾರೆ ಕೇಳಿದ್ರಿ. ನಿಮಗೇನರ ಆತೇನು?"

ದುರುಗೇಶ ಗಾಡಿ ಚಾಲೂ ಮಾಡಿದ.

ಶನಿವಾರ ಗದಿಗೆವ್ವ ಅವನನ್ನು ಕೂಗಿ ಕರೆದಳು. ಗಟಾರದ ಪಕ್ಕದ ಮನೆಯ ಎಪ್ಪತ್ತೆರಡರ ಮುದುಕಿ. ಟ್ಯಾಂಕರಿನ ಮುಂದೆ ಕೊಡ ಹಿಡಿಸಿ ನಿಲ್ಲಿಸಿದನೆಂದು ನಾಲ್ಕು ದಿನದಿಂದ ಬೈಯುತ್ತಿದ್ದವಳು, ಅಂದು ನಲ್ಲಿ ತಿರುಗಿಸಿ ತೋರಿಸಿದಳು.

"ಬಂತ ನೋಡು, ನಿನ್ನ ಹಂಗಿಲ್ದ."

ಕಾಸಿ ಕುಡಿ ಯವ್ವಾ ಎಂದ. ಕುದಿಸಲಿಕ್ಕೆ ನೀರೇನು ಚಹಾವೇ ಎಂದಳು. ಕೊಟ್ರಪ್ಪನ ಬಳಿ ಓಡಿದರೆ, ಮೇಲಿನಿಂದ ಫೋನು ಬಂದಿತ್ತು, ಸೋಮವಾರ ನಲ್ಲಿಯಲ್ಲಿ ನೀರು ಬರದಿದ್ದರೆ ಪ್ರಶಸ್ತಿ ಯಾವುದಕ್ಕೆ ಕೊಡುತ್ತಾರೆ ಎಂದ. ದುರುಗೇಶ ಹಾಗೇ ರಾಣೆಬೆನ್ನೂರಿಗೆ ಹೋಗಿ ಸಾಹೇಬರ ಮುಂದೆ ನಿಂತ. ಪೈಪು ಹಾಗೇ ಇದೆ, ವಾಲ್ವ್ ಬಂದ್ ಮಾಡಿಸಬೇಕು ಎಂದ. ಸಾಹೇಬರು ಕಡತ ಬಿಚ್ಚಿ ಅವನದೇ ಸಹಿಯ ಮೇಲೆ ಬೆರಳಿಟ್ಟರು.

"ಹುಗ್ಗಿ ಅಂತ ನೀವ ಬರದೀರಿ, ದುರುಗೇಶ. ಹುಗ್ಗಿ ತಿಂದವರಿಗೆ ನಲ್ಲಿ ಯಾಕ ಬಂದ್ ಮಾಡ್ಬೇಕು?"

ದುರುಗೇಶ ಗಾಡಿ ತಿರುಗಿಸಿ ಊರಿಗೆ ಮರಳಿದ. ಭಾನುವಾರವೆಲ್ಲ ಓಣಿಯಲ್ಲಿ ತಿರುಗಿ, ಕಂಡಕಂಡ ಕೊಡಕ್ಕೆ ಕ್ಲೋರಿನ್ ಹನಿ ಹಾಕಿದ. ಔಷಧದ ವಾಸನೆಯೆಂದು ಗದಿಗೆವ್ವ ಅವನೆದುರಿಗೇ ಕೊಡ ಚೆಲ್ಲಿ, ಮತ್ತೆ ನಲ್ಲಿಗೆ ಹಿಡಿದಳು.

ಸೋಮವಾರ ಪ್ರಶಸ್ತಿ ಬಂತು. ನಲ್ಲಿ ತಿರುಗಿಸಿದ ಅತಿಥಿಗಳಿಗೆ ಚಪ್ಪಾಳೆಯೂ ಬಂತು, ಕುಡಿಯಲು ಸೀಲು ಮಾಡಿದ ಬಾಟಲಿಯೂ ಬಂತು. ಮಂಗಳವಾರ ಗದಿಗೆವ್ವನಿಗೆ ಭೇದಿ ಹತ್ತಿತು. ಬುಧವಾರ ಆಸ್ಪತ್ರೆಯ ದಾರಿಯಲ್ಲಿ, ಆಂಬುಲೆನ್ಸಿನಲ್ಲೇ ತೀರಿಕೊಂಡಳು. ಎಪ್ಪತ್ತು ದಾಟಿದವರು ಸತ್ತರೆ ಇಲಾಖೆಗೊಂದು ಅನುಕೂಲ: ಕಾರಣದ ಕಾಲಮ್ಮಿನಲ್ಲಿ ವಯೋಸಹಜ ಎಂದು ಬರೆದರಾಯಿತು. ಬರೆದು ತಂದ ಕಾಗದವನ್ನು ದುರುಗೇಶನ ಮುಂದೆ ಸಹಿಗೆ ಇಟ್ಟರು. ಅವನು ಅದನ್ನು ಮಡಚಿ ಕಿಸೆಗಿಟ್ಟುಕೊಂಡ. ಸಹಿ ಮಾಡಲಿಲ್ಲ, ಹರಿಯಲೂ ಇಲ್ಲ.

ಗುರುವಾರ ಮಣ್ಣು ಮುಗಿಸಿ ಬಂದು ಅವನು ಮುದುಕಿಯ ಕಟ್ಟೆಯ ಮೇಲೆ ಕುಳಿತಿದ್ದಾಗ ಹಾವೇರಿಯಿಂದ ಪತ್ರಿಕೆಯ ಪ್ರವೀಣಕುಮಾರ ಬಂದ. ಮಾದರಿ ಗ್ರಾಮದ ಬಗ್ಗೆ ಅರ್ಧ ಪುಟ ಬರೆಯುವುದಿತ್ತು. ಸತ್ತ ಮನೆಯೆಂದು ತಿಳಿಯದೆ ನಲ್ಲಿಯ ಫೋಟೋ ತೆಗೆದ, ಬೊಗಸೆಯಲ್ಲಿ ನೀರು ಹಿಡಿದು ಬೆಳಕಿಗೆ ನೋಡಿದ, ಪೆನ್ನು ತೆಗೆದು ದುರುಗೇಶನ ಪಕ್ಕ ಕುಳಿತ.

"ಈ ಊರ ನೀರು ಕುಡುದ್ರ ಆಯುಷ್ಯ ಹೆಚ್ಚಾಗ್ತೈತಿ ಅಂತ ಪಂಚಾಯ್ತಿ ಅಧ್ಯಕ್ಷರು ಹೇಳಿದ್ರು. ನೀವು ಇಲಾಖೆಯವರು, ಖರೇ ಹೇಳ್ರಿ ಸರ. ಇದರಾಗ ಅಂಥಾದ್ದೇನು ಕೂಡೈತಿ?"

"ಗಟಾರ ಕೂಡೈತಿ," ಎಂದ ದುರುಗೇಶ. "ಬರಕೋ. ನನ್ನ ಹೆಸರ ಹಾಕು."