ಊರೂರಿಗೆ ಹೇಳಿ ಬಂದ ಅತ್ತೆ

ನಮ್ಮ ಅತ್ತೆಯ ಬಲಗೈ ತೋರುಬೆರಳು ಮೇಲಿನ ಗೆಣ್ಣಿನಿಂದ ಎಡಕ್ಕೆ ಸೊಟ್ಟಗಾಗಿತ್ತು. ಎಂದೋ ಎತ್ತಿನ ಹಗ್ಗಕ್ಕೆ ಸಿಕ್ಕಿ ಮುರಿದದ್ದು ನೆಟ್ಟಗೆ ಕೂಡಿಕೊಂಡಿರಲಿಲ್ಲ. ಅವರು ಬೆರಳು ತೋರಿಸಿ ಒಬ್ಬರನ್ನು ಬೈದರೆ ಪಕ್ಕದಲ್ಲಿ ಕೂತವರು ‘ನನಗಾ?’ ಎಂದು ಗಾಬರಿಯಾಗುತ್ತಿದ್ದರು. ಅಲ್ಲಪ್ಪ ಎಂದು ಸಮಾಧಾನ ಹೇಳುವ ಗೋಜಿಗೆ ಅತ್ತೆ ಹೋಗುತ್ತಿರಲಿಲ್ಲ. ಬೈಸಿಕೊಳ್ಳಲು ಅವನಲ್ಲೂ ಏನಾದರೂ ಇದ್ದೇ ಇರುತ್ತದೆ ಎಂದು ಬಿಟ್ಟುಬಿಡುತ್ತಿದ್ದರು.

ನಾನು ಅರಕಲಗೂಡಿನಲ್ಲಿ ಪ್ರೈಮರಿ ಶಾಲೆ ಟೀಚರು. ನಮ್ಮ ಯಜಮಾನರದು ಪೇಟೆಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಅತ್ತೆ ಖುಷಿಯಲ್ಲಿದ್ದರೆ ನಾನು ‘ಮಗ’, ರೇಗಿದರೆ ‘ಟೀಚ್ರಮ್ಮ’. ಮದುವೆಯಾದ ಮೇಲೆ ಟೀಚ್ರಮ್ಮನಾಗಿದ್ದ ದಿನಗಳೇ ಹೆಚ್ಚು. ನಾನು ಪಾತ್ರೆ ಬೋರಲು ಹಾಕುವ ರೀತಿಗೂ ರೇಗುತ್ತಿದ್ದರು, ಫೋನಿನಲ್ಲಿ ಮೆತ್ತಗೆ ಮಾತಾಡುವುದಕ್ಕೂ ರೇಗುತ್ತಿದ್ದರು. “ಮೆತ್ತಗೆ ಮಾತಾಡೋರು ಏನೋ ಮುಚ್ಚಿಟ್ಕಂಡಿರ್ತಾರೆ ಕಣ” ಎನ್ನುತ್ತಿದ್ದರು.

ಹಾಗೆ ನೋಡಿದರೆ ನಾನು ಮುಚ್ಚಿಟ್ಟುಕೊಂಡೇ ಇದ್ದೆ. ಯಜಮಾನರು ಫೋನಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಶುರುಮಾಡಿ ಎರಡು ವರ್ಷವಾಗಿತ್ತು. ಮ್ಯಾಚ್ ಇಲ್ಲದ ದಿನ ರಮ್ಮಿ. ನನ್ನ ತಮ್ಮನಿಗೆ ಗೊತ್ತಾಗಿ, ದೇವರ ಮುಂದೆ ಕರ್ಪೂರ ಹಚ್ಚಿಸಿ ಆಣೆ ಮಾಡಿಸಿದ. ಬೆಳಿಗ್ಗೆ ಆಣೆ ಮಾಡಿದವರು ಸಂಜೆ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಆಡಿದರು. ನಾನು ಅದನ್ನೂ ಮುಚ್ಚಿಟ್ಟೆ.

ಒಂದು ದಿನ ಅವರು ಅಂಗಡಿಗೆ ಬೀಗ ಹಾಕಿ, ಫೋನ್ ಆಫ್ ಮಾಡಿ ಹೊರಟುಹೋದರು. ನಾನೂ ಅತ್ತೆಯೂ ಹುಡುಕಿಕೊಂಡು ಹೋದಾಗ ಕೊಣನೂರಿನ ಹೊಳೆದಂಡೆಯಲ್ಲಿ ಚಪ್ಪಲಿ ಬಿಚ್ಚಿಟ್ಟು ಕೂತಿದ್ದರು. ಯಾಕೆ ಬಂದಿರಿ ಎಂದು ನಾನು ಕೇಳಲಿಲ್ಲ. ಮನೆಗೆ ಬಂದ ಮೇಲೆ ಎಲ್ಲವನ್ನೂ ಅತ್ತೆಯ ಮುಂದೆ ಒದರಿಬಿಟ್ಟೆ. ಮಗನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. “ಎರಡ್ ವರ್ಸ ಬಾಯಲ್ಲಿ ಏನ್ ಇಟ್ಕಂಡಿದ್ದೆ ಟೀಚ್ರಮ್ಮ?” ಎಂದು ನನಗೇ ಬೈದರು.

ಮರುದಿನ ಮೂವರೂ ಹಾಸನದ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ಕೌನ್ಸೆಲಿಂಗ್ ಮಾಡುವ ಹೆಣ್ಣುಮಗಳು, ಇದು ಕಾಯಿಲೆ, ಬೈದರೆ ಹೋಗುವುದಲ್ಲ ಎಂದಳು. ಅಂಗಡಿಯ ಬ್ಯಾಂಕ್ ವ್ಯವಹಾರ ಹೆಂಡತಿ ನೋಡಿಕೊಳ್ಳಲಿ, ಸದ್ಯಕ್ಕೆ ಇಂಟರ್‌ನೆಟ್ ಇಲ್ಲದ ಫೋನ್ ಇಟ್ಟುಕೊಳ್ಳಲಿ, ವಾರ ವಾರ ಬರಲಿ ಎಂದಳು. ಕೊನೆಗೆ, “ಕೈಗಡ ಕೊಡೋ ಹತ್ತಿರದವರು ಒಬ್ಬಿಬ್ಬರಿಗೆ ವಿಷಯ ತಿಳಿಸಿ, ಇವರು ಒಪ್ಪಿದ್ರೆ” ಎಂದಳು. ಯಜಮಾನರು ತಲೆ ತಗ್ಗಿಸಿಕೊಂಡೇ ಹ್ಞೂಂ ಎಂದರು.

ಆ ‘ಒಬ್ಬಿಬ್ಬರು’ ಎಂಬ ಮಾತು ಅತ್ತೆಯ ಕಿವಿಗೆ ಬೀಳಲೇ ಇಲ್ಲ. ಭಾನುವಾರ ನನ್ನನ್ನು ಕರೆದುಕೊಂಡು ಹೊರಟರು. ಮೊದಲು ತಮ್ಮ ತವರು ಕಟ್ಟಾಯ, ಆಮೇಲೆ ಸಾಲಗಾಮೆಯ ನಾದಿನಿ ಮನೆ. ಜಗಲಿ ಮೇಲೆ ಕೂತ ಕೂಡಲೇ, ನೀರು ಕುಡಿಯುವುದಕ್ಕೂ ಮುಂಚೆ ಶುರು: “ನನ್ ಮಗ ಫೋನ್‌ನಾಗೆ ಜೂಜಾಡ್ತಾನೆ. ಆಸ್ಪತ್ರೆಗೆ ಓಗ್ತಾವ್ನೆ. ದುಡ್ಡು ಕೇಳ್ಕಂಡ್ ಬಂದ್ರೆ ಊಟ ಆಕಿ, ದುಡ್ಡು ಕೊಡಬ್ಯಾಡಿ.” ಕಟ್ಟಾಯದ ಅವರ ತಮ್ಮ, “ಮೆಲ್ಲಗೆ ಮಾತಾಡಕ್ಕ, ಮನೆ ಮರ್ವಾದೆ” ಎಂದರೆ, “ಇನ್ನಾ ಮೆಲ್ಲಗೆ ಯೋಳಿದ್ರೆ ನಿಂಗೆ ಕೇಳಾಕಿಲ್ಲ ಕಣ್ಲಾ” ಎಂದು ಮತ್ತೂ ಜೋರಾದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಕೊಣನೂರು ಸಂತೆಯಲ್ಲಿ, ನಮ್ಮ ಯಜಮಾನರ ಮುಖವನ್ನೇ ಕಾಣದ ಬದನೆಕಾಯಿ ಮಾರುವವಳಿಗೂ ಹೇಳಿದರು. ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದರು. ಹಿಂದಿನ ಸೀಟಿನಲ್ಲಿ ನನ್ನ ಶಾಲೆಯ ಮಕ್ಕಳ ತಾಯಂದಿರು! ನಾನು ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಕಿಟಕಿ ಕಡೆ ತಿರುಗಿಕೊಂಡೆ. ಇಳಿದ ಮೇಲೆ ತಡೆಯಲಾಗಲಿಲ್ಲ.

“ನಿಮ್ಮ ಮಗನ ಮಾನಾನ ನೀವೇ ಹರಾಜು ಹಾಕ್ತಿದ್ದೀರಲ್ಲ ಅತ್ತೆ!”

ಅವರು ನಡು ರಸ್ತೆಯಲ್ಲೇ ನಿಂತರು. “ಹೊಳೆತಾವ ಬಿಚ್ಚಿಟ್ಟಿದ್ನಲ್ಲ ಚಪ್ಪಲಿ, ನಾನೇ ಎತ್ಕಂಡ್ ಬಂದೆ. ಅದ ನೆನೀಲಾ, ಮಾನ ನೆನೀಲಾ?” ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಚನ್ನರಾಯಪಟ್ಟಣದಲ್ಲಿ ಯಜಮಾನರ ಗೆಳೆಯನೊಬ್ಬನಿದ್ದ. ಆಗಾಗ ಸಾಲ ಕೊಡುತ್ತಿದ್ದವನು. ಅತ್ತೆಯ ಮಾತು ಕೇಳಿ ನಕ್ಕ. “ಗಂಡಸ್ರು ಟೈಂಪಾಸ್‌ಗೆ ಆಡ್ತಾರೆ ಬಿಡಜ್ಜಿ” ಎಂದ. ನಾವು ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಅವನ ಹೆಂಡತಿ ಏದುಸಿರು ಬಿಡುತ್ತ ಹಿಂದೆಯೇ ಬಂದಳು. ಸುತ್ತ ನೋಡಿ, “ಹಾಸನದಲ್ಲಿ ಯಾವ ರೂಮು ಅಜ್ಜಿ?” ಎಂದು ಪಿಸುಗುಟ್ಟಿದಳು. ಅತ್ತೆಗೆ ಆಗಲೂ ಸಿಟ್ಟೇ ಬಂತು. “ನಿಮ್ಮತ್ತೆ ಬದುಕವ್ಳಾ? ಮೊದ್ಲು ಅವ್ಳಿಗೆ ಯೋಳು. ಈ ವಯಸ್ನಾಗೆ ಎಲ್ಲಾರ್ ಮನೆ ಕೆಲ್ಸಾನೂ ನಾನೇ ಮಾಡಾಕಾಯ್ತದಾ?” ಎಂದು ಗದರಿ, ನನ್ನ ಕಡೆ ತಿರುಗಿ, “ಬರ್ಕೊಡು ಟೀಚ್ರಮ್ಮ, ಏನ್ ನೋಡ್ತೀಯ” ಎಂದರು. ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಟ್ಟೆ. ಅವಳು ಅದನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ಯಜಮಾನರು ಇನ್ನೊಂದು ಫೋನ್ ತಂದು ಅಂಗಡಿಯ ವಾಷರ್ ಡಬ್ಬದಲ್ಲಿ ಬಚ್ಚಿಟ್ಟಿದ್ದು ಸಿಕ್ಕಿತು. ನಾನು ಅಡುಗೆಮನೆಯಲ್ಲಿ ಕುಸಿದು ಕೂತೆ. ಅತ್ತೆ ಒಲೆ ಆರಿಸಿ, “ಥೂ, ಮತ್ತೆ ಕಟ್ಟಾಯದಿಂದ ಸುರು ಮಾಡ್ಬೇಕಲ್ಲ. ಏಳು, ಸೀರೆ ಉಟ್ಕ” ಎಂದರು. ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡು, ದಾರಿಯುದ್ದಕ್ಕೂ ಗೊಣಗುತ್ತ, ಎಲ್ಲ ಮನೆಗಳಿಗೂ ಎರಡನೇ ಸಲ ಹೋಗಿ ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಪ್ರತಿ ವಾರ ಕೂತು, ಫ್ಯಾನು ತಿರುಗುವುದಿಲ್ಲ ಎಂದು ಅಲ್ಲಿನವರನ್ನೂ ಬೈದರು.

ಹೋದ ವರ್ಷ ಅತ್ತೆ ತೀರಿಕೊಂಡರು. ನಾಲ್ಕು ದಿನ ಜ್ವರ, ಅಷ್ಟೇ. ಗಂಜಿ ತೆಳ್ಳಗಾಯಿತೆಂದು ಕೊನೆಯ ದಿನವೂ ನನ್ನ ಮೇಲೆ ರೇಗಿದ್ದರು.

ಈ ಬೇಸಿಗೆ ಮತ್ತೆ ಕ್ರಿಕೆಟ್ ಬಂತು. ಯಜಮಾನರು ಊಟ ಬಿಟ್ಟು ಏಳುವುದು, ಸುಮ್ಮಸುಮ್ಮನೆ ಬೀದಿಗೆ ಹೋಗಿ ಬರುವುದು ಶುರುವಾಯಿತು. ಭಾನುವಾರ ನಾನು ಸೀರೆ ಉಟ್ಟು ಕಟ್ಟಾಯಕ್ಕೆ ಹೊರಟೆ. ಅವರು ಏನೂ ಕೇಳದೆ ಜೊತೆಗೆ ಬಂದರು. ಅತ್ತೆಯ ತಮ್ಮ ಜಗಲಿಯಲ್ಲಿದ್ದರು. ಅತ್ತೆ ಹೇಳುತ್ತಿದ್ದ ಮಾತನ್ನೇ ನಾನು ಮೆತ್ತಗೆ ಹೇಳಿದೆ.

“ಇನ್ನೂನಾ?” ಎಂದರು ಅವರು.

ನನಗೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವ ಮೊದಲೇ ಯಜಮಾನರು ಒಂದು ಹೆಜ್ಜೆ ಮುಂದೆ ಬಂದರು.

“ಇನ್ನೂನೂ ಮಾವ,” ಎಂದರು, ಬೀದಿಗೆಲ್ಲ ಕೇಳಿಸುವಂತೆ. “ನಾನು ಕೇಳಿದ್ರೆ ಕೊಡಬ್ಯಾಡಿ.”